ಎರ್ಮಾ ಅಮ್ಮನ ಅಜ್ಜಿ

ಫ್ರೀಮಾಂಟಿನ ಶೇಷಗಿರಿಯವರ ಜೊತೆ ನಾನು ಇವತ್ತಿಗೂ ಮಾತಾಡುವುದಿಲ್ಲ. ಗ್ರೋಸರಿ ಅಂಗಡಿಯಲ್ಲಿ ಎದುರಾದರೆ ತಳ್ಳುಗಾಡಿಯನ್ನು ಬೇರೆ ಸಾಲಿಗೆ ತಿರುಗಿಸುತ್ತೇನೆ. ಕೆಟ್ಟ ಮನುಷ್ಯರಾಗಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಅವರು ಮಾಡಿದ್ದು ಪುಣ್ಯದ ಕೆಲಸವೆಂದೇ ನಂಬಿ ಕೂತಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಇರಲಿ. ನಾನು ಬರೆಯಬೇಕಾದದ್ದು ಎರ್ಮಾ ಅಮ್ಮನ ಬಗ್ಗೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬಾಗಲಕೋಟೆಯಿಂದ ಅಕ್ಕನ ಆಸರೆಗೆ ಇಲ್ಲಿ ಅಮೆರಿಕಕ್ಕೆ ಬಂದು, ಮಣ್ಣು ಅಗೆಯುವ ಯಂತ್ರ ಓಡಿಸುವುದನ್ನು ಕಲಿತೆ. ಶೇಷಗಿರಿಯವರ ಹಿತ್ತಲಲ್ಲಿ ಹೊಸ ಕೋಣೆಗೆ ಪಾಯ ತೆಗೆಯುವಾಗ ಮೂಳೆ ಕಂಡಿತು. ಮನುಷ್ಯರದು. ಕತ್ತಿನ ಹತ್ತಿರ ಚಿಪ್ಪಿನ ಮಣಿಗಳಿದ್ದವು. ಇಲ್ಲಿಯ ಕಾನೂನಿನಂತೆ ಕೆಲಸ ನಿಲ್ಲಿಸಿ ಸರ್ಕಾರಕ್ಕೆ ತಿಳಿಸಿದೆವು. ಅಧಿಕಾರಿ ಬಂದು ನೋಡಿ, ಬಿಳಿಯರು ಬರುವ ಮೊದಲಿನ ಹೆಂಗಸು, ಈ ನೆಲದ ಓಲೋನಿ ಜನದವಳು ಎಂದರು. ಆಮೇಲೆ ಆ ಜನದ ವಾರಸುದಾರಳೆಂದು ಎರ್ಮಾ ಅಮ್ಮನನ್ನು ಕರೆಸಿದರು.

ಎಪ್ಪತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಈ ಊರಿನ ಕಾಲೇಜಿಗೆ ಆಕೆಯ ಜನದ ಹೆಸರಿದೆ. ಆಕೆಗೆ ಮಾತ್ರ ಇಲ್ಲಿ ಬಾಡಿಗೆ ಕಟ್ಟುವ ತಾಕತ್ತಿರಲಿಲ್ಲ. ಗುಡ್ಡದ ಆಚೆ ಟ್ರೇಸಿಯಲ್ಲಿ ಮಗಳ ಜೊತೆ ಇದ್ದಳು.

ಗುಂಡಿಯೊಳಗೆ ಬಗ್ಗಿ ನೋಡಿ ನನಗೆ ಅಂದಳು: "ಈ ಊರಲ್ಲಿ ಬಾಡಿಗೆ ಕೊಡದೆ ಇದ್ದವಳು ನಮ್ಮವರಲ್ಲಿ ಇವಳೊಬ್ಬಳೇ. ಇವಳನ್ನೂ ಎಬ್ಬಿಸಿದೆಯಲ್ಲೋ!"

ನಕ್ಕಳು. ನನಗೆ ನಗು ಬರಲಿಲ್ಲ.

ಆ ಮಧ್ಯಾಹ್ನ ಆಕೆ ತನ್ನ ಕಥೆ ಹೇಳಿದಳು. ಸ್ಪೇನಿನ ಪಾದ್ರಿಗಳು ಆಕೆಯ ಹಿರಿಯರನ್ನು ತಮ್ಮ ಚರ್ಚಿನ ಮಿಷನ್ನಿಗೆ ಸೇರಿಸಿ, ದೀಕ್ಷಾಸ್ನಾನ ಮಾಡಿಸಿ, ಹೆಸರು ಬದಲಿಸಿದ್ದರು. ಆಮೇಲೆ ಅಮೆರಿಕದವರು ಬಂದಾಗ, ಕೊಲ್ಲುತ್ತಾರೆಂಬ ಹೆದರಿಕೆಗೆ, ಯಾರಾದರೂ ಕೇಳಿದರೆ ಮೆಕ್ಸಿಕನ್ನರು ಅನ್ನಿ ಎಂದು ಮನೆಯಲ್ಲಿ ಮಕ್ಕಳಿಗೆ ಕಲಿಸಿದರು. ಹಾಗೆ ಅಂದು ಅಂದೇ ಭಾಷೆ ಹೋಯಿತು. ಸಂಶೋಧನೆಗೆಂದು ಅಗೆದೊಯ್ದ ಆಕೆಯ ಜನದ ಮೂಳೆಗಳು ಒಂದು ಯೂನಿವರ್ಸಿಟಿಯ ಕಪಾಟಿನಲ್ಲಿದ್ದವು. ವಾಪಸು ಕೇಳಲು ಆಕೆ ವರ್ಷಗಟ್ಟಲೆ ಅಲೆದಿದ್ದಳು.

"ಹೋದಾಗಲೆಲ್ಲ ಕಾಫಿ ಕೊಡ್ತಾರೆ, ಬಿಸ್ಕೀಟು ಕೊಡ್ತಾರೆ. ಅಜ್ಜಿಯರನ್ನ ಕೊಡೋದಿಲ್ಲ. ನನ್ನ ಕೈಯಾರೆ ಒಬ್ಬಳನ್ನೂ ಅವಳ ಮಣ್ಣಿಗೆ ಸೇರಿಸಿಲ್ಲ. ಇವಳನ್ನಾದರೂ ಸೇರಿಸಬೇಕು."

ನಮ್ಮ ಲಿಂಗಾಯತರಲ್ಲೂ ಸತ್ತವರನ್ನು ಮಣ್ಣೇ ಮಾಡುವುದು. ಹಾಗಾಗಿ ಆಕೆಯ ಸಂಕಟ ನನಗೆ ತಿಳಿಯಿತು.

ಅದೇ ಹಿತ್ತಲಿನ ಬೇಲಿಯ ಮೂಲೆಯಲ್ಲಿ ಹೂಳಲು ಜಾಗ ಕೇಳಿದಳು. ಶೇಷಗಿರಿಯವರು ಕೈಮುಗಿದು ಒಪ್ಪಿದರು. ಶನಿವಾರ ಎಂದಾಯಿತು. ಯಂತ್ರ ಬೇಡವೆಂದು ನಾನು ಸಲಿಕೆಯಿಂದಲೇ ಗುಂಡಿ ತೋಡಿದೆ. ಅಜ್ಜಿ ತನ್ನ ಜಾಗ ಬಿಟ್ಟು ಹೋಗಬಾರದೆಂದು ಎರ್ಮಾ ಅಮ್ಮ ಮೂಳೆಗಳನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಅಲ್ಲೇ ಬಿಟ್ಟುಹೋದಳು.

ಶನಿವಾರ ಮಗಳ ಜೊತೆ ಬಂದಳು. ಹೊದಿಸಲು ಹೊಸ ಕಂಬಳಿ ತಂದಿದ್ದಳು. ಪೆಟ್ಟಿಗೆ ತೆರೆದರೆ ಖಾಲಿ.

ಶೇಷಗಿರಿಯವರು ಪಂಚೆಯುಟ್ಟು, ಒದ್ದೆ ತಲೆಯಲ್ಲಿ ಹೊರಗೆ ಬಂದರು. ಆಕೆಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿ, ನನ್ನ ಕಡೆ ತಿರುಗಿದರು.

"ಗುರುಶಾಂತಪ್ಪನವರೇ, ನೀವೂ ಸ್ವಲ್ಪ ಎಕ್ಸ್‌ಪ್ಲೇನ್ ಮಾಡಿ. ಮನೆ ಜಾಗದಲ್ಲಿ ಮೂಳೆ ಇದ್ರೆ ಶಲ್ಯದೋಷ ಅಂದ್ರು ನಮ್ಮ ಭಟ್ರು. ಬೆಳಿಗ್ಗೆ ಮಡೀಲಿ ಹೋಗಿ, ಹಾಲು ತುಳಸಿ ಹಾಕಿ, ಬ್ರಿಡ್ಜ್ ಹತ್ರ ನೀರಿಗೆ ಬಿಟ್ಟು ಬಂದೆ. ನಮ್ಮಪ್ಪನಿಗೆ ಮಾಡ್ದಂಗೇ ಮಾಡಿದೀನಿ. ಪಾಪ, ಸದ್ಗತಿ ಆಗ್ಲಿ."

ನಾನು ಸಲಿಕೆ ಎಸೆದೆ. "ಯಾರನ್ನ ಕೇಳಿ ಬಿಟ್ರಿ? ಆಕಿ ಏನ್ ನಿಮ್ಮಪ್ಪೇನ್ರೀ?"

"ಕೂಗಾಡ್ಬೇಡಿ, ನೈಬರ್ಸ್ ಇದಾರೆ."

"ಆಕೀನೂ ನೈಬರೇ ಇದ್ಲರೀ! ನಿಮಗಿಂತ ಮೊದಲ ಬಂದಾಕಿ!"

ಎರ್ಮಾ ಅಮ್ಮ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಮಣಿಗಳೆಲ್ಲಿ ಎಂದು ಕೇಳಿದಳು. ಅವನ್ನೂ ಜೊತೆಗೇ ಬಿಟ್ಟೆ ಎಂದರು ಶೇಷಗಿರಿ. ಆಕೆ ಖಾಲಿ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟಳು.

"ಪಾದ್ರಿಗಳೂ ನಮಗೆ ಸ್ವರ್ಗ ಸಿಗಲಿ ಅಂತಲೇ ತಲೆಗೆ ನೀರು ಹಾಕಿದ್ದು," ಎಂದಳು. "ಅವರೂ ನಮ್ಮನ್ನ ಕೇಳಲಿಲ್ಲ." ಆಮೇಲೆ ಶೇಷಗಿರಿಯವರ ಮುಖ ನೋಡಿದಳು. "ನಮ್ಮ ಅಜ್ಜಿ ನಿಮ್ಮ ಕಡೆ ಬಾಕಿ. ವಾಪಸು ಕೊಡಿ."

ಶೇಷಗಿರಿಯವರು ತಲೆ ತಗ್ಗಿಸಿ ಒಳಗೆ ಹೋದರು.

ಕೊಲ್ಲಿಯ ಸಮುದ್ರದ ನೀರು ಇಳಿದ ಹೊತ್ತಿನಲ್ಲಿ ನಾವು ಸೇತುವೆಯ ಕೆಳಗೆ ಹುಡುಕಿದೆವು. ಮೊಣಕಾಲುದ್ದ ಕೆಸರು, ಹಕ್ಕಿಗಳು, ಅಷ್ಟೆ. ಪೊಲೀಸರಿಗೆ ಹೇಳೋಣ ಅಂದೆ. "ದಂಡ ಹಾಕ್ತಾರೆ," ಅಂದಳು ಎರ್ಮಾ ಅಮ್ಮ. "ದಂಡ ಸರ್ಕಾರಕ್ಕೆ ಹೋಗತ್ತೆ. ನನಗೇನು?"

ಆಮೇಲೆ ಈ ಕಡೆ ಬಂದಾಗಲೆಲ್ಲ ಶೇಷಗಿರಿಯವರ ಬಾಗಿಲಿಗೆ ಹೋಗಿ, ಸಿಟ್ಟಿಲ್ಲದೆ, ಅದೊಂದನ್ನೇ ಕೇಳುತ್ತಿದ್ದಳು: "ನಮ್ಮ ಅಜ್ಜಿಯನ್ನ ಯಾವಾಗ ಕೊಡ್ತೀರಿ?" ಮೊದಮೊದಲು ಚಹಾ ಕೊಟ್ಟರು. ಆಮೇಲೆ ಬಾಗಿಲು ತೆರೆಯುವುದನ್ನೇ ಬಿಟ್ಟರು.

ಹೋದ ಚಳಿಗಾಲ ಎರ್ಮಾ ಅಮ್ಮ ತೀರಿಕೊಂಡಳು. ಟ್ರೇಸಿಯಲ್ಲೇ ಮಣ್ಣಾಯಿತು, ಪರವೂರಿನ ಮಣ್ಣು. ನಾನೂ ಒಂದು ಹಿಡಿ ಹಾಕಿದೆ.

ಈಗ ಮಗಳು ಬಂದು ಶೇಷಗಿರಿಯವರ ಗಂಟೆ ಒತ್ತುತ್ತಾಳೆ. ಒಳಗೆ ಟಿವಿ ಸದ್ದು ಕೇಳುತ್ತಿರುತ್ತದಂತೆ. ಯಾರೂ ಬರುವುದಿಲ್ಲವಂತೆ.