ನಾನು ಓದದೇ ಬಿಟ್ಟ ಎರಡನೇ ಪುಟ

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಇಂಡಿ ತಾಲೂಕಿನ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದೆ. ಮೂವತ್ತೊಂದು ವರ್ಷ ಸರ್ವಿಸ್ ಆಗಿತ್ತು. ಎಂಥ ಜಗಳವಿದ್ದರೂ ಇಬ್ಬರನ್ನೂ ಚೇಂಬರಿಗೆ ಕರೆದು, ಎದುರುಬದುರು ಕೂರಿಸಿ, ಚಹಾ ಕುಡಿಸಿ ಕಳಿಸುವುದು ನನ್ನ ಪದ್ಧತಿ. ನಮ್ಮ ಕಡೆ ಚಹಾ ಕುಡಿದರೆಂದರೆ ರಾಜಿಯಾಯಿತೆಂದೇ ಅರ್ಥ. ಈ ವಿದ್ಯೆಯ ಬಗ್ಗೆ ನನಗೆ ಜಂಬವೂ ಇತ್ತು.

ಆ ಹಂಗಾಮಿನಲ್ಲಿ ಸುಜಾತಾ ಎಂಬ ಹುಡುಗಿ ಪ್ರಯೋಗಾಲಯಕ್ಕೆ ಸೇರಿದಳು. ಆಲಮೇಲದವಳು, ಬೌದ್ಧಧರ್ಮಕ್ಕೆ ಸೇರಿದ ದಲಿತ ಕುಟುಂಬದವಳು, ಸಿಂದಗಿಯಲ್ಲಿ ಬಿ.ಎಸ್ಸಿ. ಓದಿದವಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಕಬ್ಬಿನ ರಸ ಪರೀಕ್ಷಿಸುವ ಹುದ್ದೆ; ಆರು ತಿಂಗಳ ಪ್ರೊಬೇಷನ್, ಅಂದರೆ ಕೆಲಸ ನೋಡಿ ಕಾಯಂ ಮಾಡುವ ಅವಧಿ. ಅದು ಮುಗಿಯಲು ಮೂರು ವಾರವಿರುವಾಗ ಎರಡು ಪುಟದ ದೂರು ತಂದುಕೊಟ್ಟಳು.

ಲ್ಯಾಬ್ ಮುಖ್ಯಸ್ಥ ಈರಣ್ಣ ಅವಳಿಗೆ ರಸ ಮುಟ್ಟಲು ಬಿಡುತ್ತಿರಲಿಲ್ಲ. ದಿನವೂ ಬಾಟಲಿ ತೊಳೆಯಬೇಕು, ಗಟಾರದ ನೀರಿನ ಸ್ಯಾಂಪಲ್ ತರಬೇಕು. ಯಾಕೆಂದು ಕೇಳಿದ್ದಕ್ಕೆ ಎಲ್ಲರೆದುರು, "ನಿಮ್ಮಂದಿ ಮುಟ್ಟಿದ ಸಕ್ಕರಿ ದೇವರಿಗೆ ಹ್ಯಾಂಗ ಇಡೂದು?" ಅಂದಿದ್ದನಂತೆ. ದಿನ, ವೇಳೆ, ಅಲ್ಲಿದ್ದ ಇಬ್ಬರ ಹೆಸರು, ಎಲ್ಲ ಬರೆದಿದ್ದಳು. ಮೊದಲ ಪುಟ ಓದುವಷ್ಟರಲ್ಲಿ ನನಗೆ ವಿಷಯ ಗೊತ್ತಾಯಿತೆನಿಸಿತು. ಎರಡನೆಯದನ್ನು ಮಗುಚಿಯೂ ನೋಡಲಿಲ್ಲ.

ದೂರನ್ನು ಗುಟ್ಟಾಗಿಟ್ಟು ಆ ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆಯಾಗಿ ವಿಚಾರಿಸಬೇಕಿತ್ತು. ವಿಚಾರಣೆ ಮುಗಿಯುವ ತನಕ ಅವಳ ಪ್ರೊಬೇಷನ್ ವರದಿ ಈರಣ್ಣನ ಕೈಗೆ ಹೋಗದಂತೆ ನೋಡಿಕೊಳ್ಳಬೇಕಿತ್ತು. ನಿಯಮ ನನಗೆ ಬಾಯಿಪಾಠವಿತ್ತು. ಆದರೆ ನಾನು ಮಾಡಿದ್ದೇನು? ಅರ್ಧ ತಾಸಿನಲ್ಲಿ ಈರಣ್ಣನನ್ನು ಕರೆಸಿ, ಸುಜಾತಾಳ ಎದುರಿಗೆ ಕೂರಿಸಿ, ದೂರನ್ನು ಅವನ ಕೈಗೇ ಕೊಟ್ಟೆ. ಕ್ಯಾಂಟೀನಿನಿಂದ ಮೂರು ಚಹಾ ತರಿಸಿದೆ.

"ಈರಣ್ಣನ ಬಾಯಿ ಸ್ವಲ್ಪ ಒರಟ ಐತವಾ, ಮನಸಿನ್ಯಾಗ ಏನಿಲ್ಲ. ತಗೋ ತಂಗಿ, ಚಹಾ ತಗೋ," ಎಂದೆ.

ಅವಳು ಚಹಾವನ್ನೇ ನೋಡುತ್ತ ಕೂತಳು. ಕುಡಿಯಲಿಲ್ಲ. ಸಂಕೋಚವಿರಬೇಕು ಅಂದುಕೊಂಡೆ. ಫೈಲಿನಲ್ಲಿ 'ಉಭಯತರು ರಾಜಿಯಾಗಿದ್ದಾರೆ' ಎಂದು ಬರೆದು ಸಹಿ ಹಾಕಿದೆ.

ಮೂರು ವಾರಕ್ಕೆ ಈರಣ್ಣನ ವರದಿ ಬಂತು: ಕೆಲಸ ತೃಪ್ತಿಕರವಲ್ಲ, ಹೊಂದಾಣಿಕೆ ಇಲ್ಲ, ಕಾಯಂ ಮಾಡುವುದು ಬೇಡ. ಸಾಕ್ಷಿಗಳಿಬ್ಬರನ್ನು ಆಗ ಹುಡುಕಿಕೊಂಡು ಹೋದೆ. "ನಮಗೇನೂ ಕೇಳಿಸಿಲ್ರಿ," ಎಂದು ಇಬ್ಬರೂ ತಲೆ ತಗ್ಗಿಸಿದರು. ಜನರಲ್ ಮ್ಯಾನೇಜರ್ ಬಳಿ ಓಡಿದೆ.

"ಇದು ಸೇಡ್ರಿ ಸಾಹೇಬ್ರ. ಹುಡುಗಿದು ಏನೂ ತಪ್ಪಿಲ್ಲ," ಎಂದು ಅಂಗಲಾಚಿದೆ.

ಅವರು ಫೈಲು ನನ್ನ ಕಡೆ ತಿರುಗಿಸಿದರು. "ರಾಜಿ ಆಗೇತಿ ಅಂತ ನೀವ ಬರದೀರಿ. ಸಹಿ ನಿಮ್ಮದ ಐತಲ್ರಿ. ಈಗ ನಾ ಏನ್ ಮಾಡ್ಲಿ?"

ಸುಜಾತಾ ಬಿಡುಗಡೆ ಪತ್ರ ಒಯ್ಯಲು ಬಂದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. "ಲೇಬರ್ ಆಫೀಸಿಗೆ ಬರಿಯವಾ. ನಾ ಬಂದು ಸಾಕ್ಷಿ ಹೇಳ್ತೇನಿ," ಎಂದೆ.

"ಏನಂತ ಹೇಳ್ತೀರಿ ಸರ?" ಅವಳು ನನ್ನ ಟೇಬಲ್ಲಿನ ಕಡೆ ಕೈ ತೋರಿಸಿದಳು. "ಅವತ್ತ ಇದ ಟೇಬಲ್ ಮ್ಯಾಲ ನಿಮಗ, ಅವರಿಗೆ ಪಿಂಗಾಣಿ ಕಪ್ಪು-ಬಸಿ ಬಂತು. ನನಗ ಕಾಗದದ ಲೋಟ. ನೀವ ಎತ್ತಿ ಕೊಟ್ರಿ. ನಾ ಬರದು ಕೊಟ್ಟಿದ್ನಲ್ರಿ, ಎರಡನೇ ಪುಟದಾಗ."

ಸಹಿ ಮಾಡಿ ಪತ್ರ ತೆಗೆದುಕೊಂಡು ಹೋದಳು. ನಾನು ಫೈಲು ತೆರೆದು ಆ ಪುಟ ಮಗುಚಿದೆ. ಮೊದಲ ಸಾಲೇ ಅದು: ಕ್ಯಾಂಟೀನಿನಲ್ಲಿ ನನಗೊಬ್ಬಳಿಗೆ ಮಾತ್ರ ಬೇರೆ ಲೋಟ.

ಲೇಬರ್ ಆಫೀಸಿಗೆ ಅವಳು ಬರೆಯಲಿಲ್ಲ. ಯಾರನ್ನು ನಂಬಿ ಬರೆಯಬೇಕಿತ್ತು? ಈಗಿನ ಅಧಿಕಾರಿಗಳು ಸಲಹೆ ಕೇಳಿದರೆ, ದೂರು ಕೊಟ್ಟವರನ್ನು ರಾಜಿ ಮಾಡಿಸಲು ಹೋಗಬೇಡಿ, ಮೊದಲು ಕೊನೆಯ ಸಾಲಿನ ತನಕ ಓದಿ ಎನ್ನುತ್ತೇನೆ. ಮೂವತ್ತೊಂದು ವರ್ಷ ಚಹಾ ಕುಡಿಸಿ ನಾನು ಮುಚ್ಚಿದ ಫೈಲುಗಳಲ್ಲಿ ಇಂಥ ಎರಡನೇ ಪುಟಗಳು ಇನ್ನೆಷ್ಟಿದ್ದವೋ, ನನಗೆ ಗೊತ್ತಿಲ್ಲ.