ರಾಯಪ್ಪನ ಗಾಜಿನ ದರ

ಖಾನಾಪುರದ ರಾಯಪ್ಪ ಬೆಳಗಾವಿಯ ಅಂಗಡಿಗಳ ಗಾಜು ಒರೆಸತೊಡಗಿ ಹದಿನಾಲ್ಕು ವರ್ಷವಾಯಿತು. ನಾಲ್ಕನೇ ಮಹಡಿಯ ಹೊರಗೆ ಹಗ್ಗಕ್ಕೆ ಜೋತುಬಿದ್ದರೂ ನಡುಗದ ಮನುಷ್ಯ, ನೆಲದ ಮೇಲೆ ನಿಂತು ದರ ಹೇಳುವಾಗ ಮಾತ್ರ ಬೆವರುತ್ತಿದ್ದ. ಎಷ್ಟು ಕೊಡಲಿ ಎಂದು ಯಾರಾದರೂ ಕೇಳಿದರೆ ಸಾಕು, "ನಿಮಗ ತಿಳದಷ್ಟು ಕೊಡ್ರಿ" ಎಂಬ ಮಾತು ಬಾಯಿಂದ ತಾನಾಗಿ ಉದುರುತ್ತಿತ್ತು. ದೊಡ್ಡವರ ಮುಂದೆ ಚೌಕಾಸಿ ಮಾಡಬಾರದೆಂದು ಅಪ್ಪ ಕಲಿಸಿದ ಮರ್ಯಾದೆ ಅದು. ದೊಡ್ಡವರಿಗೆ ಯಾವಾಗಲೂ ಕಡಿಮೆಯೇ ತಿಳಿಯುತ್ತದೆ ಎಂಬುದನ್ನು ಪುಣ್ಯಾತ್ಮ ಕಲಿಸಿರಲಿಲ್ಲ.

ಅವಧೂತರಾಯರದು ನಾಲ್ಕು ಮಹಡಿಯ ಬಟ್ಟೆ ಅಂಗಡಿ. ಅಲ್ಲಿ ಗಾಜಿಗೆ ಮೂವತ್ತು ರೂಪಾಯಿ, ಏಳು ವರ್ಷದಿಂದ ಅದೇ ಮೂವತ್ತು. ಗಾಜಿನಾಚೆ ಗೊಂಬೆಗೆ ಉಡಿಸಿದ ಸೀರೆಯ ಬೆಲೆಚೀಟಿಯನ್ನು ಪ್ರತಿ ದೀಪಾವಳಿಗೂ ಅವನೇ ಮೊದಲು ಓದುತ್ತಿದ್ದ. ಒಂಬೈನೂರು ಇದ್ದದ್ದು ಈಗ ಸಾವಿರದ ಆರುನೂರು. ಸಾಬೂನು ಏರಿತು, ಚಹಾ ಏರಿತು, ಹಗ್ಗವಂತೂ ದುಪ್ಪಟ್ಟಾಯಿತು. ಹಳೆಯ ಹಗ್ಗದಲ್ಲೇ ಅವನು ದಿನ ದೂಡುತ್ತಿದ್ದ.

"ದರಾ ಏರಸ್ರಿ, ಹೊಸಾ ಹಗ್ಗ ತಗೋರಿ. ಬಾಯಿದ್ದಾವ ಬರಗಾಲದಾಗೂ ಬದುಕ್ಯಾನ" ಎಂದು ಹೆಂಡತಿ ಗೌರವ್ವ ಮೂರು ತಿಂಗಳಿಂದ ಹೇಳಿ ಹೇಳಿ ಸೋತಿದ್ದಳು.

"ಹಗ್ಗಾ ಈ ದೀಪಾವಳಿ ತಡೀತೈತಿ ತಗೋ" ಎನ್ನುತ್ತಿದ್ದ ರಾಯಪ್ಪ.

ಹಬ್ಬಕ್ಕೆ ಎರಡು ದಿನ ಇರುವಾಗ ಅವನು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ "ನಲವತ್ತೈದು, ನಲವತ್ತೈದು" ಎಂದು ಜಪಿಸಿದ್ದು ಕೇಳಿ, ಸೀಟಿನ ನಂಬರ್ ಹುಡುಕುತ್ತಿದ್ದಾನೆಂದು ಪಕ್ಕದವನು ಎದ್ದು ನಿಂತ.

ಅಂಗಡಿಯಲ್ಲಿ ಅವಧೂತರಾಯರು ತಲೆ ಎತ್ತಲಿಲ್ಲ. "ಹನ್ನೊಂದಕ್ಕ ಗಿರಾಕಿ ಬರ್ತಾರ, ಲಗೂನ ಮುಗಿಸು ರಾಯಪ್ಪಾ."

ನಲವತ್ತೈದು ಬಸ್ಸಿನಲ್ಲೇ ಉಳಿದುಹೋಗಿತ್ತು. "ಹೂಂ ರೀ" ಎಂದು ಹೇಡಿಯ ಹಾಗೆ ಮಹಡಿ ಹತ್ತಿದ. ಮೇಲೆ ಚೀಲ ಬಿಚ್ಚಿದ. ಹಗ್ಗ ಎರಡು ತುಂಡಾಗಿತ್ತು. ಕುಡಗೋಲಿನಿಂದ ನೀಟಾಗಿ ಕೊಯ್ದಿದ್ದರು. ಮನೆಯಲ್ಲಿ ಕುಡಗೋಲು ಹಿಡಿಯುವವಳು ಒಬ್ಬಳೇ.

ಸಿಟ್ಟು ನೆತ್ತಿಗೇರಿತು. ಕೊಯ್ದ ತುದಿಯನ್ನು ಹಿಚುಕಿದ. ಹೊರಗಿನ ಹೆಣಿಗೆ ಗಟ್ಟಿಯಾಗಿತ್ತು. ಒಳಗಿನ ಎಳೆಗಳು ಕಪ್ಪಾಗಿ ತೌಡಿನಂತೆ ಉದುರಿದವು. ಮೊನ್ನೆಯಷ್ಟೇ ಇದಕ್ಕೆ ಜೋತುಬಿದ್ದಿದ್ದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕೆಳಗಿನ ಬೀದಿಯತ್ತ ಬಗ್ಗಿ ನೋಡಿ, ಹಿಂದೆ ಸರಿದು ಗೋಡೆಗೆ ಒರಗಿ ಕುಳಿತ.

ಕೆಳಗಿಳಿದು ಬಂದು ಎರಡೂ ತುಂಡುಗಳನ್ನು ರಾಯರ ಮುಂದಿಟ್ಟ. "ಮಾಲಕರ, ಇವತ್ತ ಹತ್ತಾಂಗಿಲ್ರಿ."

"ಹಬ್ಬದ ಹೊತ್ತಿನ್ಯಾಗ ಆಟಾ ಹಚ್ಚೀಯೇನು? ಉದ್ಯಮಬಾಗದ ಹುಡುಗೂರು ಇಪ್ಪತ್ತೈದಕ್ಕ ಬರ್ತಾವ!"

"ಕರೀರಿ. ಆದ್ರ ಮೊದಲ ಇದನ್ನ ಮುಟ್ಟಿ ನೋಡ್ರಿ. ಮೂವತ್ತು ರೂಪಾಯಿಗೆ ಇಂಥಾ ಹಗ್ಗಾನ ಬರೂದು."

ರಾಯರು ಮುಟ್ಟಿದರು. ಬೆರಳಿಗೆ ಕಪ್ಪು ಪುಡಿ ಅಂಟಿತು. ಅದನ್ನು ಲೆಕ್ಕದ ಪುಸ್ತಕದ ಅಂಚಿಗೆ ಒರೆಸಿದರು. "ಎಷ್ಟಂತೀ?" ಎಂದರು ಕೊನೆಗೆ.

ಹಳೆಯ ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. "ನಿಮಗ..." ಎಂದವನು ನಾಲಗೆ ಕಚ್ಚಿಕೊಂಡ. "ನಿಮಗ ನಲವತ್ತೈದ್ರಿ. ವರ್ಷಾ ಮೂರ್ಮೂರು ರೂಪಾಯಿ ಏರತೈತಿ. ನಿಮ್ಮ ಸೀರಿ ಏರಿದಂಗ."

"ನಲವತ್ತು ತಗೊಂಡು ಕೆಲಸಾ ನೋಡು."

ರಾಯಪ್ಪ ತುಂಡುಗಳನ್ನು ಚೀಲಕ್ಕೆ ತುಂಬಿದ, ಚಪ್ಪಲಿ ಮೆಟ್ಟಿದ. ಅಂಗಡಿಯ ಹೊಸ್ತಿಲು ದಾಟುವಾಗ ಹಬ್ಬದ ಖರ್ಚೆಲ್ಲ ಕಣ್ಣ ಮುಂದೆ ಬಂತು. ಮೂರು ಮೆಟ್ಟಿಲು ಇಳಿದಿದ್ದ.

"ನಿಂದ್ರೋ! ನಲವತ್ತೈದು ಆತು. ರೊಕ್ಕಾ ಒಯ್ದು ಮೊದಲ ಹಗ್ಗ ತಗೊಂಡ ಬಾ."

ಸಂಜೆ ಖಾನಾಪುರದಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಗೌರವ್ವ ಬಾಗಿಲಲ್ಲೇ ನಿಂತಿದ್ದಳು. ಅವನು ಚೀಲದಿಂದ ಹೊಸ ಹಗ್ಗ ತೆಗೆದು ಅವಳ ಕೈಗಿಟ್ಟ. ಒಂದು ಮಾತು ಕೇಳದೆ ಕೊಯ್ದೆಯಲ್ಲ ಎಂದು ಬೈಯಬೇಕೆಂದಿದ್ದ. ಅವಳು ಹಗ್ಗವನ್ನು ತುದಿಯಿಂದ ತುದಿಗೆ ಹಿಚುಕಿ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

"ಮುಂದಿನ ವರ್ಷ ಬಾಯಿ ನೀವ ತೆರೀರಿ" ಎಂದಳು. "ಕುಡಗೋಲು ಹಿಡ್ಯಾಕ ನನಗ ಧೈರ್ಯಾ ಸಾಲಾಂಗಿಲ್ಲ."