ಭಾರವಿಲ್ಲದ ಸ್ಟೇರಿಂಗ್

ಡಿಪೋದಲ್ಲಿ ಎಲ್ಲರೂ ಅವನನ್ನು ಸಾವಕಾಶ ಎಂದೇ ಕರೆಯುತ್ತಿದ್ದರು. ಬಸ್ಸು ಹತ್ತುವವರಿಗೂ, ಇಳಿಯುವವರಿಗೂ, ಅಡ್ಡ ಬಂದ ಸೈಕಲ್ಲಿನವನಿಗೂ ಅವನು ಹೇಳುತ್ತಿದ್ದ ಮಾತು ಅದೊಂದೇ. ಅವನ ಬಸ್ಸಿನಲ್ಲಿ ಕೂತರೆ ಹೊಟ್ಟೆಯೊಳಗಿನ ನೀರೂ ಅಲುಗುವುದಿಲ್ಲ ಎಂದು ಮುದುಕಿಯರು ಹೊಗಳುತ್ತಿದ್ದರು. ಮದುವೆ ಊಟಕ್ಕೆ ಹೊರಟವನು ಬಾಣಂತಿಯನ್ನು ನೋಡಲು ತಲುಪುತ್ತಾನೆ ಎಂದು ಕಂಡಕ್ಟರುಗಳು ನಗುತ್ತಿದ್ದರು. ಅವನಿಗೆ ಎರಡೂ ಹೊಗಳಿಕೆಯೇ.

ಒಂದು ಬೆಳಿಗ್ಗೆ, ದಿನವೂ ನಿಲ್ಲುವ ಒಂದು ಸ್ಟಾಪಿನಲ್ಲಿ, ಜನ ಇಳಿದು ಹತ್ತಿ ಆದ ಮೇಲೆ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಡಲಿಲ್ಲ. ಮತ್ತೆ ಊದಿದ. ಹತ್ತಿರ ಹೋಗಿ ನೋಡಿದರೆ ಸಾವಕಾಶನ ಕಣ್ಣು ತೆರೆದೇ ಇತ್ತು, ಕೈಗಳು ಸ್ಟೇರಿಂಗಿನ ಮೇಲೆಯೇ ಇದ್ದವು. ಅವನು ಮಾತ್ರ ಅಲ್ಲಿರಲಿಲ್ಲ. ಭುಜ ಹಿಡಿದು ಅಲುಗಿಸಿದ ಎಷ್ಟೋ ಹೊತ್ತಿನ ಮೇಲೆ, "ಏನಾಯ್ತು, ಯಾಕೆ ಎಲ್ಲರೂ ನನ್ನೇ ನೋಡ್ತಿದೀರಿ?" ಎಂದು ಕೇಳಿದ. ಆಸ್ಪತ್ರೆಯಲ್ಲಿ ಇದು ಮೂರ್ಛೆರೋಗದ ಒಂದು ಬಗೆ ಎಂದರು. ಮಾತ್ರೆ ಬರೆದುಕೊಟ್ಟರು. ಲೈಸೆನ್ಸ್ ಹೋಯಿತು. ಡಿಪೋದವರು ಒಳ್ಳೆಯವರು, ಮನೆಗೆ ಕಳಿಸಲಿಲ್ಲ. ಟಯರ್ ಸ್ಟೋರಿನಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕೂತು, ಹೊರಗೆ ಹೊರಡುವ ಬಸ್ಸುಗಳ ಗೇರಿನ ಸದ್ದು ಕೇಳಿಯೇ ಓಡಿಸುತ್ತಿರುವವರು ಯಾರೆಂದು ಅವನು ಹೇಳಬಲ್ಲವನಾದ. ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಮನೆಯಲ್ಲಿ ಮಾತು ಕಡಿಮೆಯಾಯಿತು. ಅವನ ಹೆಂಡತಿ ಯೂನಿಫಾರ್ಮ್ ಹೊಲಿಯುವವಳು. ಊಟಕ್ಕೆ ಕೂತಾಗಲೂ ಅವನ ಬೆರಳುಗಳು ತಟ್ಟೆಯ ಅಂಚನ್ನು ಹಿಡಿದು ಅತ್ತಿತ್ತ ತಿರುಗಿಸುವುದನ್ನು ಅವಳು ದಿನವೂ ನೋಡುತ್ತಿದ್ದಳು. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ತಮ್ಮನ ಮುಂದೆ ಒಂದು ದಿನ ಹೇಳಿಕೊಂಡು ಅತ್ತಳು. ತಮ್ಮ ಮಾತಿನವನಲ್ಲ, ಕೆಲಸದವನು. ಮುಂದಿನ ಭಾನುವಾರ ಅಂಗಡಿಯಲ್ಲಿ ಯಾರೋ ಬಿಟ್ಟುಹೋಗಿದ್ದ, ಕಂಪ್ಯೂಟರ್ ಆಟಕ್ಕೆ ಬಳಸುವ ಒಂದು ಸ್ಟೇರಿಂಗ್, ಅದರ ಪೆಡಲ್‌ಗಳು ಎಲ್ಲ ಹೊತ್ತು ತಂದ. ಅಕ್ಕ ಬಟ್ಟೆಯ ಅಳತೆ, ಮಾದರಿ ತರಿಸಿಕೊಳ್ಳಲು ಇಟ್ಟುಕೊಂಡಿದ್ದ ಹಳೇ ಕಂಪ್ಯೂಟರಿಗೆ ಜೋಡಿಸಿ, ಲಾರಿ, ಬಸ್ಸು ಓಡಿಸುವ ಒಂದು ಆಟ ಹಾಕಿಕೊಟ್ಟ. ಪರದೆ ನೋಡುವುದರಿಂದ ತೊಂದರೆಯಿಲ್ಲವೇ ಎಂದು ಅವಳು ಮೊದಲೇ ಡಾಕ್ಟರನ್ನು ಕೇಳಿ ಬಂದಿದ್ದಳು. ಮಿಣಿಮಿಣಿ ಹೊಡೆಯುವ ಬೆಳಕು ಬೇಡ, ಉಳಿದದ್ದು ಪರವಾಗಿಲ್ಲ ಎಂದಿದ್ದರು.

"ಇದೇನಯ್ಯಾ, ಮಕ್ಕಳಾಟ," ಎಂದುಕೊಂಡೇ ಸಾವಕಾಶ ಕೂತ. ತಿರುವು ಬಂದಾಗ ಚಕ್ರ ಕೈಯನ್ನು ಎಳೆಯಿತು. ಹಳ್ಳಕ್ಕೆ ಇಳಿದಾಗ ಅದುರಿತು. ಅವನ ಮುಖ ಬದಲಾಯಿತು.

ಅಂದಿನಿಂದ ಸಂಜೆಯಾದರೆ ಅವನು ಬಸ್ಸು ತೆಗೆಯುತ್ತಿದ್ದ. ಕನ್ನಡಿ ನೋಡದೆ ಹೊರಡುತ್ತಿರಲಿಲ್ಲ, ಯಾರಿಲ್ಲದ ರಸ್ತೆಯಲ್ಲೂ ಇಂಡಿಕೇಟರ್ ಹಾಕುತ್ತಿದ್ದ. ಹೆಂಡತಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಅಂಗಿಗಳಿಗೆ ಗುಂಡಿ ಹಾಕುತ್ತ ಕೂರುವಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನ ಬಸ್ಸಿನಲ್ಲಿ ಕೂತದ್ದು ನಾಲ್ಕೈದು ಸಲವೂ ಇರಲಿಕ್ಕಿಲ್ಲ.

"ರೀ, ಆ ಗುಡ್ಡದ ಮೇಲೆ ಮನೆ ಎಷ್ಟು ಚೆನ್ನಾಗಿದೆ, ನಿಲ್ಲಿಸಿ ಸ್ವಲ್ಪ."

"ಸ್ಟಾಪ್ ಅಲ್ಲದ ಕಡೆ ನಿಲ್ಸೋಕಾಗಲ್ಲ. ಹೆಂಡತಿಯಾದ್ರೂ ಅಷ್ಟೆ."

ಹೀಗೆ ಎರಡು ವರ್ಷ ಕಳೆಯಿತು. ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸೂಚನೆ ಬರತೊಡಗಿತು: ಈ ವಿಂಡೋಸಿಗೆ ಇನ್ನು ಅಪ್‌ಡೇಟ್ ಇಲ್ಲ, ಹೊಸ ವಿಂಡೋಸ್ ಈ ಮಶೀನಿಗೆ ಹೊಂದುವುದಿಲ್ಲ. ಬರುವಷ್ಟು ದಿನ ಬರಲಿ ಎಂದು ಅವನು ಅದನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದ. ಆದರೆ ಅವಳು ಮಾದರಿ ಹುಡುಕುವ ಯಾವುದೋ ಜಾಲತಾಣದಿಂದ ವೈರಸ್ಸಿನಂಥ ಕಸವೊಂದು ಒಳಹೊಕ್ಕಿತು. ಒಂದು ಸಂಜೆ ಅವನು ಬಸ್ಸು ಓಡಿಸುತ್ತಿದ್ದಾಗಲೇ ಕೆಂಪು, ಬಿಳಿ ಜಾಹೀರಾತುಗಳು ಒಂದರ ಮೇಲೊಂದು ಮಿನುಗಿದವು. ಅವಳು ಸೂಜಿ ಬಿಸಾಡಿ ಪರದೆ ಆರಿಸಿದಳು.

"ರೀ?"

ಅವನ ಕೈಗಳು ಚಕ್ರದ ಮೇಲೆಯೇ ಇದ್ದವು.

"ರೀ!"

"ಕೇಳಿಸ್ತು, ಕೇಳಿಸ್ತು," ಎಂದ, ತಡವಾಗಿ. ಅವನು ಇಲ್ಲವಾಗಿದ್ದನೋ, ಸುಮ್ಮನೆ ಗಾಬರಿಯಾಗಿದ್ದನೋ ಅವಳಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ತಮ್ಮ ಬಂದು ನೋಡಿದ. "ಭಾವ, ಈಗ ತೊಳೆದ್ರೂ ಮತ್ತೆ ಬರುತ್ತೆ. ಬಾಗಿಲಿಲ್ಲದ ಮನೆ ಗುಡಿಸಿದ ಹಾಗೆ. ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡೋಣ. ಹಳೇ ಮಶೀನಿಗೂ ಸಲೀಸು, ಈ ಕಾಟ ಇರಲ್ಲ."

"ನನ್ನ ಬಸ್ಸು?"

"ಆಟ ನಡೆಯುತ್ತೆ. ಸ್ಟೇರಿಂಗೇ ಅನುಮಾನ. ತಿರುಗೋದು ತಿರುಗುತ್ತೆ, ಆದ್ರೆ ಅದು ಕೈ ಎಳೆಯೋಕೆ ಬೇಕಾದ ಸಾಫ್ಟ್‌ವೇರ್ ಮಾಡಿರೋದು ವಿಂಡೋಸಿಗೆ ಮಾತ್ರ. ಹೊಂದೋ ಅಂಥ ಬೇರೆ ಸ್ಟೇರಿಂಗ್ ಸಿಗುತ್ತೆ, ಅದರ ಬೆಲೆ ಕೇಳಿದ್ರೆ ಮತ್ತೆ ಮೂರ್ಛೆ ಬರುತ್ತೆ ನಿಮಗೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ನಕ್ಕವನು ಸಾವಕಾಶನೊಬ್ಬನೇ.

ಅವನು ಹಲವು ದಿನ ಅತ್ತ ದರಿ ಇತ್ತ ಪುಲಿ ಎಂಬಂತೆ ಯೋಚಿಸಿದ. ಹಳೆಯದನ್ನೇ ಇಟ್ಟುಕೊಂಡರೆ ಹೆಂಡತಿ ಪರದೆಯನ್ನಲ್ಲ, ತನ್ನ ಮುಖವನ್ನೇ ನೋಡುತ್ತ ಕೂರುತ್ತಾಳೆ. ಆಗಲೇ ಗುಂಡಿಗಳು ಸೊಟ್ಟಗೆ ಬೀಳತೊಡಗಿದ್ದವು. ಬದಲಿಸಿದರೆ ಚಕ್ರ ಸಾಯುತ್ತದೆ. ಕೊನೆಗೆ ಭಾವಮೈದುನನೇ, "ಹಳೇದನ್ನ ಮುಟ್ಟೋದೇ ಬೇಡ, ಹೊಸದನ್ನ ಪೆನ್‌ಡ್ರೈವಿಂದಲೇ ನಡೆಸಿ ನೋಡಿ. ಬೇಡ ಅನ್ಸಿದ್ರೆ ಕಿತ್ತುಬಿಡೋಣ," ಎಂದ.

ಭಾನುವಾರ ಮಧ್ಯಾಹ್ನ ನೋಡಿದರು. ಕಂಪ್ಯೂಟರ್ ಹುರುಪಿನಿಂದ ಎದ್ದಿತು. ಚಿತ್ರ ಮೊದಲಿಗಿಂತ ನುಣುಪಾಗಿ ಓಡಿತು. ಹೆಂಡತಿ, "ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಿದೆ!" ಎಂದಳು. ಸಾವಕಾಶ ಗೇರು ಹಾಕಿ ಹೊರಟ. ಮೊದಲ ತಿರುವಿನಲ್ಲಿ ಚಕ್ರ ತಿರುಗಿಸಿದ. ಅದು ನೀರಿನಲ್ಲಿ ಕೈಯಾಡಿಸಿದಂತೆ ತಿರುಗಿತು. ತಿರುವು ಮುಗಿದರೂ ತಾನಾಗಿ ನೇರಕ್ಕೆ ಬರಲಿಲ್ಲ. ಬಸ್ಸು ಎದುರಿನ ಬೇಲಿ ಮುರಿದು ಹುಲ್ಲಿಗೆ ಇಳಿಯಿತು. ಕೈಗೆ ಏನೂ ತಿಳಿಯಲಿಲ್ಲ.

ಅವನು ಹಾಗೆಯೇ ಕೂತ. ಮುಖದ ಬಣ್ಣ ಇಳಿದುಹೋಗಿತ್ತು.

"ಭಾವ? ಸ್ವಲ್ಪ ಅಭ್ಯಾಸ ಆಗ್ಬೇಕು ಅಷ್ಟೆ," ಎಂದ ಭಾವಮೈದುನ.

"ಚೆನ್ನಾಗಿದೆ. ಇದನ್ನೇ ಹಾಕ್ಬಿಡು. ಹಳೇದು ಅಳಿಸು."

"ಆತುರ ಯಾಕೆ? ಎರಡೂ ಇಟ್ಕೋಬಹುದು. ಅಕ್ಕನ ಕೆಲಸಕ್ಕೆ ಲಿನಕ್ಸ್; ನಿಮ್ಮ ಬಸ್ಸಿಗೆ ಮಾತ್ರ ವಿಂಡೋಸ್, ಅದನ್ನ ಪೂರ್ತಿ ತೊಳೆದು, ನೆಟ್ ಇಲ್ಲದೆ. ಏನೂ ಕಾಟ ಬರಲ್ಲ."

ಅವಳ ಮುಖ ಅರಳಿತು. "ನೋಡಿ ಮತ್ತೆ! ಅಷ್ಟೇ ತಾನೇ? ಹಾಗೇ ಮಾಡೋ."

"ಬೇಡ."

"ಯಾಕೆ ಬೇಡ?"

"ಬೇಡ ಅಂದ್ನಲ್ಲ." ಎಂದೂ ದನಿ ಏರಿಸದವನು ಏರಿಸಿದ್ದ. ತಮ್ಮ ತಲೆ ತಗ್ಗಿಸಿ, ಹೇಳಿದಷ್ಟು ಮಾಡಿ ಮುಗಿಸಿ ಹೋದ.

ಅವನು ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಬೇಕೆಂದೇ ಹೊತ್ತು ಕಳೆದಳು. ಸಾವಕಾಶ ಬಂದು ಬಾಗಿಲಲ್ಲಿ ನಿಂತ.

"ಆ ದಿನದ್ದು ನನಗೆ ಏನೂ ನೆನಪಿಲ್ಲ ಅಂತಿದ್ದೆ, ಅಲ್ವಾ? ಇವತ್ತು ಬಂತು ನೆನಪು. ಸ್ಟೇರಿಂಗ್ ಕೈಯಲ್ಲೇ ಇತ್ತು. ಭಾರ ಇರಲಿಲ್ಲ. ಇದೇ ಥರ."

ಅವಳು ನಲ್ಲಿ ನಿಲ್ಲಿಸಿದಳು.

"ಬಸ್ಸು ನಿಂತಿತ್ತು, ನಮ್ಮ ಪುಣ್ಯ," ಎಂದ. "ನಿಂತಿರದೆ ಇದ್ದಿದ್ರೆ? ಸ್ಟಾಪಲ್ಲಿ ಎಷ್ಟು ಜನ ಇದ್ರು ಗೊತ್ತಾ? ಇಷ್ಟು ದಿನ ನನ್ನ ಬಸ್ಸು ಕಿತ್ಕೊಂಡ್ರು ಅಂತ ಎಲ್ಲರ ಮೇಲೂ ಒಳಗೊಳಗೇ ಕುದೀತಿದ್ದೆ. ಇನ್ನು ಆ ಚಕ್ರ ಹಿಡಿಯೋಕೆ ನನಗೆ ಭಯ. ಎಳೆಯೋ ಚಕ್ರ ಆದ್ರೂ ಭಯಾನೇ."

"ಅದು ಆಟ ಕಣ್ರೀ," ಎಂದಳು ಅವಳು ಮೆಲ್ಲಗೆ.

"ನನಗೆ ಯಾವತ್ತು ಆಟ ಆಗಿತ್ತು ಅದು?"

ಮರುದಿನ ಅವನೇ ತಿರುಪು ಸಡಿಲಿಸಿ ಸ್ಟೇರಿಂಗ್ ಬಿಚ್ಚಿದ. ಅದು ಕಚ್ಚಿಕೊಂಡಿದ್ದ ಕಡೆ ಮೇಜಿನ ಅಂಚಿನಲ್ಲಿ ಎರಡು ತಗ್ಗು ಉಳಿದವು. ಭಾವಮೈದುನ ಬೇರೆ ಬೇರೆ ಆಟಗಳನ್ನು ಹಾಕಿಕೊಟ್ಟ. ಲಿನಕ್ಸಿನಲ್ಲಿ ಅವೆಲ್ಲ ಸರಾಗವಾಗಿ ನಡೆಯುತ್ತಿದ್ದವು. ಸಾವಕಾಶ ಒಂದನ್ನೂ ತೆರೆಯಲಿಲ್ಲ. ಸಂಜೆ ಬಂದು, ಉಂಡು, ಗೋಡೆಯ ಕಡೆ ತಿರುಗಿ ಮಲಗುವನು. ಜಾಹೀರಾತಿನ ಕಾಟವಿಲ್ಲದ ಕಂಪ್ಯೂಟರಿನ ಮುಂದೆ ಅವಳು ಒಬ್ಬಳೇ ಅಳತೆ ನೋಡಿಕೊಳ್ಳುವಳು. ತಾನೇ ಆ ಸಂಜೆಗಳನ್ನು ಕೈಯಾರೆ ಕಳೆದೆನೇನೋ ಎಂದು ಅವಳಿಗೆ ಎಷ್ಟೋ ಸಲ ಅನಿಸಿತು. ಆ ಜಾಹೀರಾತು ಮಿನುಗಿದಾಗ ಕೂಗದೆ ಇದ್ದಿದ್ದರೆ? ಕೂಗದೆ ಇರುವುದು ಹೇಗೆ?

ಶಾಲೆ ತೆರೆಯುವ ಹೊತ್ತಿಗೆ ಯೂನಿಫಾರ್ಮಿನ ಗಂಟು ದೊಡ್ಡದಾಯಿತು. ಒಬ್ಬಳೇ ಹೊರಲಾಗದೆ ಅವನನ್ನು ಕರೆದಳು. ಲೈಸೆನ್ಸ್ ಹೋದಾಗಿನಿಂದ ಬಸ್ಸು ಹತ್ತದೆ ಡಿಪೋಗೂ ನಡೆದೇ ಹೋಗುತ್ತಿದ್ದವನು ಅಂದು ಗಂಟು ಹೊತ್ತು ಹತ್ತಿದ. ಡ್ರೈವರ್ ಹೊಸಬ, ಗುರುತಿನವನಲ್ಲ. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಗಂಟು ಅವನ ತೊಡೆಯ ಮೇಲೆ. ಡ್ರೈವರ್ ಜೋರಾಗಿ ಓಡಿಸುತ್ತಿದ್ದ. ಪ್ರತಿ ತಿರುವಿಗೂ, ಪ್ರತಿ ಸ್ಟಾಪಿಗೂ ಸ್ವಲ್ಪ ಮೊದಲು ಸಾವಕಾಶನ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಅವಳು ಅದನ್ನು ಕಂಡಳು. ಕಂಡೂ ಕಿಟಕಿಯ ಆಚೆ ನೋಡುತ್ತ ಕೂತಳು.